ಪಂಪ್ ಹಾಕುವುದೋ, ಹೂಮಳೆಗೆ ಕಾಯುವುದೋ: ಮಳೆ ಪುಸ್ತಕದಿಂದ ಪರ್ಸೆಂಟೈಲ್ ತೆಗೆದ ನನ್ನ ಅನುಭವ

ಕೊಡಗಿನ ಸಿದ್ದಾಪುರದ ಕಡೆಯ 18 ಎಕರೆ ರೊಬಸ್ಟಾ ಕಾಫಿಗೆ, ಮೊಗ್ಗು ಅರಳಿಸುವ ಹೂಮಳೆಗೆ ಕಾಯದೆ ಒಂದು ಸುತ್ತು ಸ್ಪ್ರಿಂಕ್ಲರ್ ಹಾಕಿದರೆ ಡೀಸೆಲ್, ಪೈಪ್ ಎಳೆಯುವ ಆಳು ಎಲ್ಲ ಸೇರಿ ಎಕರೆಗೆ ಹೆಚ್ಚುಕಡಿಮೆ ₹3,000, ಅಂದರೆ ಒಟ್ಟು ₹54,000. ಹಾಕಿ ನಾಲ್ಕೇ ದಿನಕ್ಕೆ ಒಂದೂಕಾಲು ಇಂಚು ಮಳೆ ಸುರಿದರೆ ಅಷ್ಟೂ ನೀರುಪಾಲು. ಎರಡು ವರ್ಷ ಹಾಗೇ ಆಯಿತು. "ಹೂಮಳೆಯ ಸರಾಸರಿ ತಾರೀಕು ನೋಡಿದರೆ ಸಾಲದೇ, ಇದಕ್ಕೆಂಥ ಲೆಕ್ಕ" ಎಂದವರೇ ಹೆಚ್ಚು. ಆ ಎರಡೂ ಸಲ ನಾನು ನಂಬಿದ್ದು ಸರಾಸರಿಯನ್ನೇ. ಪರ್ಸೆಂಟೈಲ್ (ತಾರೀಕುಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ನೂರಕ್ಕೆ ಎಷ್ಟು ವರ್ಷ ಯಾವ ತಾರೀಕಿನೊಳಗೆ ಮಳೆ ಬಂದಿದೆ ಎಂದು ಓದುವ ಲೆಕ್ಕ) ಹಿಡಿದ ಮೇಲೆ ಕಳೆದ ಮೂರು ಹಂಗಾಮಿನಲ್ಲಿ ಎರಡು ಸಲ ಪಂಪ್ ಹಾಕಿದ್ದೂ ಸರಿಹೋಯಿತು, ಒಂದು ಸಲ ಹಾಕದೆ ಕೂತದ್ದೂ ಸರಿಹೋಯಿತು.

1994ರಿಂದ 2024ರವರೆಗೆ 31 ವರ್ಷದ ಮಳೆ ಪುಸ್ತಕ ಕೈಯಲ್ಲಿತ್ತು. ಪ್ರತಿ ವರ್ಷ ಫೆಬ್ರವರಿ 1ರ ನಂತರ ಎರಡು ದಿನದೊಳಗೆ ಒಟ್ಟು ಒಂದು ಇಂಚು ತುಂಬಿದ ಮೊದಲ ತಾರೀಕನ್ನು ಮಾತ್ರ ಎತ್ತಿಕೊಂಡೆ. ಇಪ್ಪತ್ತು ಮೂವತ್ತು ಸೆಂಟಿನ (ಒಂದು ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಮಳೆ ಲೆಕ್ಕಕ್ಕಿಲ್ಲ. ಅದು ಮೊಗ್ಗನ್ನು ಅರ್ಧಕ್ಕೇ ನಿಲ್ಲಿಸಿ ಕೆಡಿಸುತ್ತದೆ.

ಸಮಯ ತಿಂದದ್ದು ಲೆಕ್ಕವಲ್ಲ, ಪುಸ್ತಕ. ಹಳೇ ಬರಹದಲ್ಲಿ "1-5" ಎಂದರೆ ಒಂದು ಇಂಚು ಐದು ಸೆಂಟು, ಅಂದರೆ 1.05. ಕಂಪ್ಯೂಟರಿಗೆ ಹಾಕುವಾಗ ಅದು 1.5 ಆಗಿ ಕೂತಿತ್ತು. "0-8" ಎಂಬುದು 0.8 ಆದದ್ದು ಇನ್ನೂ ಕೆಟ್ಟದ್ದು, ಎಂಟು ಸೆಂಟು ಎಂಬತ್ತಾಯಿತು. ಮಳೆಮಾಪಕವನ್ನು ಅಳೆಯುವುದು ಬೆಳಿಗ್ಗೆ. ಆ ನೀರನ್ನು ತೋಟದ ಲೆಕ್ಕ ಬರೆಯುವ ಕೆಲವು ರೈಟರುಗಳು ಹಿಂದಿನ ದಿನಕ್ಕೆ ಬರೆದಿದ್ದಾರೆ, ಕೆಲವರು ಅದೇ ದಿನಕ್ಕೆ. ಇದರ ಜೊತೆಗೆ ಎಕ್ಸೆಲ್‌ನಲ್ಲಿ ಅರ್ಧ ತಾರೀಕುಗಳು ಬರೀ ಅಕ್ಷರವಾಗಿ ಕೂತಿದ್ದವು. ಏರಿಕೆ ಕ್ರಮಕ್ಕೆ ಜೋಡಿಸಿದರೆ 10/3 ಮೇಲೆ, 2/3 ಕೆಳಗೆ! ಜೋಡಣೆ ತಪ್ಪಿದರೆ ಸೂತ್ರ ಎಷ್ಟು ಚೆನ್ನಾಗಿದ್ದರೂ ದಂಡ. ವರ್ಷದ ದಿನಸಂಖ್ಯೆ ಹಾಕಿದರೆ ಅಧಿಕ ವರ್ಷದಲ್ಲಿ ಮಾರ್ಚ್ 1 ಎಂಬುದು 60ರ ಬದಲು 61 ಆಗುತ್ತದೆ. ಅದಕ್ಕೆ ಎಲ್ಲ ತಾರೀಕನ್ನೂ 2001ನೇ ಇಸವಿಗೆ ಬದಲಿಸಿಕೊಂಡು ಜೋಡಿಸಿದೆ.

31 ಇದ್ದದ್ದು ಅದೃಷ್ಟ. ಒಂದು ಸೇರಿಸಿದರೆ 32. ಅದರ ಕಾಲು ಭಾಗ 8, ಅರ್ಧ 16, ಮುಕ್ಕಾಲು 24. 25ನೇ ಪರ್ಸೆಂಟೈಲ್ ಬೇಕೆಂದರೆ ಪಟ್ಟಿಯಲ್ಲಿ 8ನೆಯದನ್ನು ಬೆರಳಿಟ್ಟು ಓದಿದರಾಯಿತು: ಮಾರ್ಚ್ 1. 16ನೆಯದು ಮಾರ್ಚ್ 19, 24ನೆಯದು ಏಪ್ರಿಲ್ 2. ಎಕ್ಸೆಲ್‌ನ ಹಳೇ ಪರ್ಸೆಂಟೈಲ್ ಸೂತ್ರ ಬೇರೆ ಉತ್ತರ ಕೊಟ್ಟಾಗ ತಲೆಕೆಟ್ಟಿತು. ಅದು ಒಂದು ಕಳೆದು 30ರ ಮೇಲೆ ಲೆಕ್ಕ ಹಾಕಿ, ಕೊನೆಗೆ ಒಂದು ಸೇರಿಸುತ್ತದೆ; ಕಾಲು ಭಾಗಕ್ಕೆ ಜಾಗ 8.5. 8ನೆಯದು ಮಾರ್ಚ್ 1, 9ನೆಯದು ಮಾರ್ಚ್ 5, ನಡುವೆ ಮಾರ್ಚ್ 3. ಎರಡೂ ಸರಿಯೇ. ಆರ್ ತಂತ್ರಾಂಶದಲ್ಲಂತೂ ಇಂಥ 9 ಬಗೆ ಇವೆ. ಒಂದನ್ನು ಹಿಡಿದು ಬಿಡದಿದ್ದರೆ ಸಾಕು.

ನಿಜವಾದ ತಪ್ಪು ಬೇರೆ ಕಡೆ ಇತ್ತು. ಮೂರು ವರ್ಷ ಏಪ್ರಿಲ್ 15ರವರೆಗೂ ಒಂದು ಇಂಚು ಮಳೆ ಬಂದೇ ಇರಲಿಲ್ಲ. ಪಟ್ಟಿಯಲ್ಲಿ ಆ ವರ್ಷಗಳ ಮನೆಗಳು ಖಾಲಿ ಇದ್ದವು, ಎಕ್ಸೆಲ್ ಅವನ್ನು ಸುಮ್ಮನೆ ಬಿಟ್ಟಿತು. ಪಟ್ಟಿ 28ಕ್ಕೆ ಇಳಿದು 75ನೇ ಪರ್ಸೆಂಟೈಲಿನ ಜಾಗ 21.75 ಆಯಿತು, ತಾರೀಕು ಏಪ್ರಿಲ್ 2ರಿಂದ ಮಾರ್ಚ್ 27ಕ್ಕೆ ಜಾರಿತು. ಅತಿ ಕೆಟ್ಟ ವರ್ಷಗಳನ್ನೇ ಮರೆತ ಪಟ್ಟಿ, ಮಳೆ ಬೇಗ ಬರುತ್ತದೆ ಎನ್ನದೆ ಇನ್ನೇನಂದೀತು! ಈಗ ಆ ಮೂರನ್ನೂ ಪಟ್ಟಿಯ ತುದಿಯಲ್ಲಿ "ಬರಲಿಲ್ಲ" ಎಂದೇ ಇಟ್ಟಿದ್ದೇನೆ. ತಾರೀಕಿಲ್ಲದಿದ್ದರೂ ಅವುಗಳಿಗೆ ಜಾಗ ಇದೆ, ಪರ್ಸೆಂಟೈಲಿಗೆ ಜಾಗ ಸಾಕು. ಸರಾಸರಿಗೆ ಇದು ಆಗದ ಕೆಲಸ. ಆದರೆ 90ನೆಯದನ್ನು ಕೇಳಬೇಡಿ: ಜಾಗ 28.8, ಒಂದು ಕಡೆ ತಾರೀಕು, ಇನ್ನೊಂದು ಕಡೆ "ಬರಲಿಲ್ಲ". ಅದರ ನಡುವೆ ಏನೂ ಇಲ್ಲ.

ತೋಟಕ್ಕೆ ಬೇಕಾದದ್ದು ಇದರ ತಿರುವುಮುರುವು ಲೆಕ್ಕ. ಮೊಗ್ಗು ಮಾರ್ಚ್ 1ಕ್ಕೆ ತಯಾರಾಯಿತು, ಮಳೆ ಇನ್ನೂ ಬಂದಿಲ್ಲ ಅನ್ನಿ. ಅಷ್ಟರೊಳಗೆ ಮಳೆ ಬಂದ, ಪಟ್ಟಿಯ ಮೊದಲ 8 ವರ್ಷಗಳನ್ನು ತೆಗೆದುಹಾಕಿ, ಅವು ಈ ವರ್ಷದ ಜಾತಿಯವಲ್ಲ. ಉಳಿದದ್ದು 23. ಮಾರ್ಚ್ 10 ಇರುವುದು 11ನೇ ಜಾಗದಲ್ಲಿ. ಹಾಗಾಗಿ ಹತ್ತು ದಿನದೊಳಗೆ ಮಳೆ ಕಂಡದ್ದು 23ರಲ್ಲಿ 3 ವರ್ಷ, ಶೇ 13. ಪಂಪ್ ಹಾಕಬೇಕು. ಮೊಗ್ಗು ಮಾರ್ಚ್ 22ಕ್ಕೆ ತಯಾರಾದರೆ ಉಳಿಯುವುದು 13 ವರ್ಷ, ಹತ್ತು ದಿನದಲ್ಲಿ ಬಂದದ್ದು 5, ಶೇ 38. ಆಗ ಕಾಯುತ್ತೇನೆ. ಕಾಯುವುದಕ್ಕೂ ಪಂಪ್ ಹಾಕುವುದಕ್ಕೂ ನಡುವಿನ ಗೆರೆಯನ್ನು ಮೂರರಲ್ಲಿ ಒಂದಕ್ಕೆ ಎಳೆದದ್ದು ಯಾಕೆಂದರೆ, ಮಳೆ ಬಂದರೆ ಎಕರೆಗೆ ₹3,000 ಉಳಿಯುತ್ತದೆ, ಕಾದೂ ಬಾರದಿದ್ದರೆ ಮೊಗ್ಗು ಒಣಗಿ ಸುಮಾರು ₹1,500 ಹೋಗುತ್ತದೆ. ನಿಮ್ಮ ತೋಟದಲ್ಲಿ ಈ ಎರಡು ಅಂಕಿ ಬೇರೆಯಾದರೆ ಗೆರೆಯೂ ಬೇರೆ. ಮೊಗ್ಗು ತಯಾರಾದ ದಿನವನ್ನು ಯಾವ ಗುರುತಿನಿಂದ ಹಿಡಿಯುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ಬೇರೆಯವರ ಪುಸ್ತಕ ತರಬೇಡಿ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಸಂಬಂಧವೇ ಇಲ್ಲ.

ನಡುವೆ ಔಟ್‌ಟರ್ನ್ ಮೇಲೂ ಇದೇ ಪ್ರಯೋಗ ಮಾಡಿದೆ: 50 ಕೆಜಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಎಷ್ಟು ಕೆಜಿ ಕಾಫಿ ಬೀಜ ಎಂದು, ನಲವತ್ತು ಚಿಲ್ಲರೆ ಲಾಟು. ಉಪಯೋಗವಾಗಲಿಲ್ಲ. ಬರೆದದ್ದು ಅರ್ಧ ಕೆಜಿ ಲೆಕ್ಕದಲ್ಲಿ, ಹಾಗಾಗಿ 27 ಎಂಬ ಅಂಕಿಯೇ ಹತ್ತಾರು ಸಲ. 40ನೇ ಪರ್ಸೆಂಟೈಲೂ 27, 60ನೆಯದೂ 27. ತಕ್ಕಡಿ ಬದಲಾಯಿಸಿದರೆ ಮಾತ್ರ ಆ ಲೆಕ್ಕ ಮುಂದೆ ಹೋಗುತ್ತದೆ.

ಬ್ಯಾಕಿಂಗ್ ಮಳೆಗೆ, ಅಂದರೆ ಹೂ ಅರಳಿದ ಮೇಲೆ ಕಾಯಿ ಕಟ್ಟಲು ಬೇಕಾದ ಎರಡನೇ ಮಳೆಗೆ, ಈ ಪಟ್ಟಿ ನಡೆಯದು. ಅಲ್ಲಿ ತಾರೀಕಿನ ಬದಲು, ಹೂಮಳೆಯಾದ ಎಷ್ಟನೇ ದಿನಕ್ಕೆ ಬಂತು ಎಂಬುದನ್ನು ಜೋಡಿಸಬೇಕು. ಪಂಪಿನಲ್ಲಿ ಹೂ ಅರಳಿಸಿದ ವರ್ಷಗಳಲ್ಲಿ ದಿನ ಎಣಿಸುವುದು ಪಂಪ್ ಹಾಕಿದ ದಿನದಿಂದ. ಆ ಪಟ್ಟಿ ಈಗ ಅರ್ಧ ಆಗಿದೆ.