ಅಂಗುಳದಿಂದ ವಸಡಿಗೆ: ನನ್ನ ಅನುಭವ

ವಸಡು ಜಾರಿದವರು ನನ್ನ ಹತ್ತಿರ ಬಂದು ಹೇಳುವುದು ಹೆಚ್ಚಾಗಿ ಎರಡೇ ಮಾತು. "ಹಲ್ಲು ಉದ್ದ ಆಗ್ತಿದೆ ಮೇಡಂ" ಅನ್ನುತ್ತಾರೆ, ಇಲ್ಲವೇ "ತಣ್ಣೀರು ಕುಡಿದ್ರೆ ಜುಂ ಅನ್ನುತ್ತೆ" ಅನ್ನುತ್ತಾರೆ. ಹಲ್ಲು ಎಲ್ಲಿ ಉದ್ದ ಆಗುತ್ತೆ? ವಸಡು ಹಿಂದೆ ಸರಿದು ಬೇರು ಹೊರಗೆ ಕಾಣುತ್ತಿರುತ್ತದೆ, ಅಷ್ಟೇ. ಬಾಯಿಯ ಮೇಲ್ಛಾವಣಿಯಾದ ಅಂಗುಳದಿಂದ ಒಂದು ಚೂರು ಅಂಗಾಂಶ ತೆಗೆದು, ಆ ಬೇರಿನ ಮೇಲೆ ಕಸಿ ಮಾಡಿ ಮುಚ್ಚುವುದು ವಸಡಿನ ವೈದ್ಯೆಯಾದ ನನ್ನ ಕೆಲಸ. ನಾನು ಮೊದಲು ಬ್ರಷ್ ಕೈಗೆ ಕೊಟ್ಟು, "ದಿನಾ ಹೇಗೆ ಉಜ್ಜುತ್ತೀರೋ ಹಾಗೇ ತೋರಿಸಿ" ಅನ್ನುತ್ತೇನೆ. ಗರಗಸ ಎಳೆದ ಹಾಗೆ ಅಡ್ಡಡ್ಡ ಎಳೆಯುವವರೇ ಜಾಸ್ತಿ. ಕೋರೆಹಲ್ಲಿನ ವಸಡು ಮೊದಲೇ ತೆಳು, ಪೆಟ್ಟು ಅಲ್ಲಿಗೇ ಬೀಳುತ್ತದೆ. ಈ ಅಭ್ಯಾಸ ಬಿಡುವವರೆಗೆ ನಾನು ಕತ್ತಿ ಮುಟ್ಟುವುದಿಲ್ಲ. ತಂಬಾಕು, ಸಿಗರೇಟು ಇದ್ದವರಿಗೂ ಅದೇ ಮಾತು. ರಕ್ತ ಸರಿಯಾಗಿ ಹರಿಯದ ಕಡೆ ಕಸಿ ನಿಲ್ಲುವುದು ಕಷ್ಟ.

ಆಮೇಲೆ ನೋಡುವುದು ಎರಡು ಹಲ್ಲುಗಳ ನಡುವಿನ ಜಾಗ. ಅಲ್ಲಿಯ ಮೂಳೆ ಮತ್ತು ವಸಡು ಗಟ್ಟಿಯಾಗಿದ್ದರೆ ಬೇರನ್ನು ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳಬಹುದು. ಅಲ್ಲೂ ಸವೆದಿದ್ದರೆ ಅರ್ಧಂಬರ್ಧ ಮುಚ್ಚುತ್ತದೆ, ತೀರಾ ಕರಗಿದ್ದರೆ ಅದೂ ಇಲ್ಲ. ವಸಡು ಎಷ್ಟು ಜಾರಿದೆ ಎಂಬುದಕ್ಕೆ ಮಿಲ್ಲರ್ ಎಂಬ ದಂತವೈದ್ಯರು 1985ರಲ್ಲಿ ಮಾಡಿದ ವರ್ಗೀಕರಣದ ತಿರುಳೂ ಇದೇ. ಈ ಮಾತನ್ನು ನಾನು ದುಡ್ಡಿನ ಮಾತಿಗಿಂತ ಮುಂಚೆ ಹೇಳಿಬಿಡುತ್ತೇನೆ.

ಕಸಿಯ ಚೂರಿಗೆ ನನ್ನ ಮೊದಲ ಆಯ್ಕೆ ಈಗಲೂ ರೋಗಿಯ ಅಂಗುಳವೇ. ಮೇಲಿನ ಕೋರೆಹಲ್ಲಿನ ಹಿಂಭಾಗದಿಂದ ಮೊದಲ ದವಡೆ ಹಲ್ಲಿನವರೆಗಿನ ಜಾಗ. ಮರಗಟ್ಟಿಸಿದ ಮೇಲೆ ರಬ್ಬರ್ ಸ್ಟಾಪರ್ ಹಾಕಿದ ಸೂಜಿ ಚುಚ್ಚಿ ದಪ್ಪ ಅಳೆಯುತ್ತೇನೆ. 3 ಮಿ.ಮೀ. ಸಿಕ್ಕಿದರೆ ನಿರಾಳ. ಅಲ್ಲೊಂದು ದೊಡ್ಡ ರಕ್ತನಾಳ ಓಡುತ್ತದೆ. ಅಂಗುಳ ಚಪ್ಪಟೆ ಇದ್ದವರಲ್ಲಿ ಅದು ಹಲ್ಲಿನ ಕುತ್ತಿಗೆಯಿಂದ ಸುಮಾರು 7 ಮಿ.ಮೀ. ದೂರದಲ್ಲೇ ಇರುತ್ತದೆ, ಎತ್ತರದ ಅಂಗುಳದಲ್ಲಿ 17 ಮಿ.ಮೀ.ವರೆಗೂ ಹೋಗುತ್ತದೆ. ಹಾಗಾಗಿ ಬಾಯಿ ತೆರೆದ ತಕ್ಷಣ ಅಂಗುಳದ ಆಕಾರ ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ.

ಒಂದೇ ಗೀರು ಹಾಕಿ, ಮೇಲಿನ ಪದರವನ್ನು ಅಲ್ಲೇ ಬಿಟ್ಟು, ಒಳಗಿನ ಬಿಳಿ ಅಂಗಾಂಶವನ್ನು ಒಂದೂವರೆ ಮಿ.ಮೀ. ದಪ್ಪಕ್ಕೆ ಬಿಡಿಸುತ್ತೇನೆ. ಅದಕ್ಕಂಟಿದ ಹಳದಿ ಕೊಬ್ಬನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು. ಕೊಬ್ಬು ಉಳಿದರೆ ರಕ್ತ ಒಳಗಿಳಿಯಲು ಅಡ್ಡಿ. ಆ ಚೂರು ಸಲೈನಿನಲ್ಲಿ ನೆನೆದ ಗಾಜ್ ಮೇಲೆ ಕೂತಿರುವಾಗ ನಾನು ಸುಮ್ನೆ ಹೊತ್ತು ಕಳೆಯುವುದಿಲ್ಲ. ವಸಡಿನ ಕಡೆ ಜಾಗವನ್ನು ಮೊದಲೇ ಸಿದ್ಧ ಮಾಡಿಟ್ಟು ಆಮೇಲೇ ಅಂಗುಳಕ್ಕೆ ಕೈ ಹಾಕುವುದು ಇದೇ ಕಾರಣಕ್ಕೆ.

ಬೇರಿನ ಮೇಲೆ ರಕ್ತನಾಳ ಇರುವುದಿಲ್ಲ. ಕಸಿಯ ನಡುಭಾಗ ಬದುಕಬೇಕಾದರೆ ಅಂಚುಗಳಿಂದ, ಮೇಲೆ ಮುಚ್ಚಿದ ವಸಡಿನಿಂದ ರಕ್ತ ಬರಬೇಕು. ಮೊದಲ ಒಂದೆರಡು ದಿನ ಅದು ಸುತ್ತಲಿನ ದ್ರವ ಹೀರಿಕೊಂಡೇ ಜೀವ ಹಿಡಿದಿರುತ್ತದೆ, ಆಮೇಲೆ ಹೊಸ ನಾಳಗಳು ಕೂಡುತ್ತವೆ. ಅದಕ್ಕೇ ಬೇರಿನ ಎರಡೂ ಬದಿ 3 ಮಿ.ಮೀ.ನಷ್ಟು ಕಸಿ ಜೀವಂತ ಅಂಗಾಂಶದ ಮೇಲೆ ಕೂರುವಂತೆ ಕತ್ತರಿಸುತ್ತೇನೆ. ಮೇಲಿನ ವಸಡು ಎಳೆಯದೆ ತಾನಾಗಿ ಬಂದು ಕೂರಬೇಕು. ತುಟಿ ಅಲ್ಲಾಡಿಸಿದಾಗ ಅದು ಮಿಸುಕಿದರೆ ಇನ್ನೂ ಸಡಿಲಿಸಬೇಕು ಅಂತ ಅರ್ಥ. 6-0 ಎಂಬ ತೀರಾ ತೆಳು ದಾರದ ಹೊಲಿಗೆ ಹಾಕಿ, ಒದ್ದೆ ಗಾಜ್ ಇಟ್ಟು ಬೆರಳಿನಿಂದ ಐದು ನಿಮಿಷ ಒತ್ತಿ ಹಿಡಿಯುತ್ತೇನೆ. ಸಹಾಯಕಿಗೆ ಬೋರಾಗುವಷ್ಟು ಹೊತ್ತು. ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ನಿಂತರೆ ಕಸಿ ಮೇಲೇಳುತ್ತದೆ, ಅಂಟುವುದಿಲ್ಲ.

ಹಾಗಾದರೆ ಬದಲಿ ವಸ್ತು ಯಾವಾಗ? ಅಂಗುಳ ತೆಳುವಿದ್ದಾಗ, ಸಾಲಾಗಿ ನಾಲ್ಕೈದು ಹಲ್ಲಿಗೆ ಮಾಡಬೇಕಾದಾಗ, ಇಲ್ಲ "ಇನ್ನೊಂದು ಕಡೆ ಗಾಯ ಬೇಡವೇ ಬೇಡ" ಎಂದು ರೋಗಿ ಪಟ್ಟು ಹಿಡಿದಾಗ. ದಾನಿಗಳ ಚರ್ಮದಿಂದ ಜೀವಕೋಶ ತೆಗೆದು ಮಾಡಿದ ಹಾಳೆ ಇದೆ, ಹಂದಿಯ ಕೊಲಾಜೆನ್‌ನಿಂದ ಮಾಡಿದ ಹಾಳೆಯೂ ಇದೆ. ಚರ್ಮದ ಹಾಳೆಯನ್ನು ವಸಡಿನ ಕೆಳಗೆ ಪೂರ್ತಿ ಮುಚ್ಚಲೇಬೇಕು, ಚೂರೂ ಹೊರಗೆ ಕಾಣಬಾರದು. ಇವುಗಳಿಂದ ಬೇರು ಚೆನ್ನಾಗಿಯೇ ಮುಚ್ಚುತ್ತದೆ. ಆದರೆ ಗಟ್ಟಿ ವಸಡಿನ ಅಗಲ, ದಪ್ಪ ನೋಡಿದರೆ ಅಂಗುಳದ ಕಸಿಯೇ ಒಂದು ಕೈ ಮುಂದೆ ಎಂಬುದು ನನ್ನ ಅಭಿಪ್ರಾಯ. ಬೆಲೆಯೂ ಹಗುರವಲ್ಲ.

"ಯಾವ ಪ್ರಾಣಿದು ಮೇಡಂ ಇದು?" ಎಂದು ಕೇಳುವವರಿದ್ದಾರೆ, ಕೇಳಲು ಸಂಕೋಚಪಡುವವರು ಅದಕ್ಕಿಂತ ಜಾಸ್ತಿ. ಆದ್ದರಿಂದ ನಾನೇ ಮೊದಲು ಹೇಳುತ್ತೇನೆ. ಹಂದಿ, ದನ, ಮೀನು, ಮನುಷ್ಯ, ಯಾವುದರದ್ದೋ ಅದನ್ನು ಹೆಸರಿಟ್ಟು ಹೇಳಿ, ಒಪ್ಪಿಗೆ ಪತ್ರದಲ್ಲೂ ಬರೆಸುತ್ತೇನೆ. "ಬೇಡ" ಅಂದರೆ ಬೇಡ, ಅದರಲ್ಲಿ ವಾದ ಇಲ್ಲ.

ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್), ಅಂದರೆ ರೋಗಿಯ ರಕ್ತದಿಂದಲೇ ಮಾಡುವ ಗಡ್ಡೆಯ ಬಗ್ಗೆಯೂ ತುಂಬ ಕೇಳುತ್ತಾರೆ. 2001ರಲ್ಲಿ ಫ್ರಾನ್ಸಿನ ವೈದ್ಯ ಶುಕ್ರೂನ್ ತೋರಿಸಿದ ವಿಧಾನ. ರೋಗಿಯ ರಕ್ತವನ್ನು ಯಾವ ಔಷಧಿಯನ್ನೂ ಬೆರೆಸದ ಟ್ಯೂಬಿನಲ್ಲಿ ತಗೊಂಡು ತಡಮಾಡದೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಬೇಕು. ನಿಧಾನ ಮಾಡಿದರೆ ಟ್ಯೂಬಿನಲ್ಲೇ ಹೆಪ್ಪುಗಟ್ಟಿ ಕೆಡುತ್ತದೆ. ಕೆಳಗೆ ಕೆಂಪು, ಮೇಲೆ ತಿಳಿ, ನಡುವೆ ಹಳದಿ ಮೆತ್ತನೆಯ ಗಡ್ಡೆ. ಅಗ್ಗ, ಸ್ವಂತದ್ದು, ಯಾರ ಆಕ್ಷೇಪವೂ ಇಲ್ಲ. ಆದರೆ ಅಂಗುಳದ ಕಸಿಗೆ ಇದು ಸಾಟಿ ಅಂತ ನಾನು ನಂಬುವುದಿಲ್ಲ. ಅಂಗುಳದ ಗಾಯದ ಮೇಲೆ ಹಾಸಿ ಹೊಲಿದರೆ ನೋವು ಕಮ್ಮಿ. ನಾನು ಬಳಸುವುದು ಹೆಚ್ಚಾಗಿ ಅಲ್ಲೇ.

ಮನೆಗೆ ಕಳಿಸುವಾಗ ಹೇಳುವುದು ಇಷ್ಟು: ಎರಡು ವಾರ ಆ ಜಾಗಕ್ಕೆ ಬ್ರಷ್ ಮುಟ್ಟಿಸಬೇಡಿ, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ನೀರಿನಲ್ಲಿ ಮೆಲ್ಲಗೆ ಬಾಯಿ ಮುಕ್ಕಳಿಸಿ, ಮೊಸರನ್ನ, ಗಂಜಿ ತಿನ್ನಿ, ಚಕ್ಕುಲಿ ಕಡೆ ನೋಡಲೇಬೇಡಿ. ಜನ ಇದೆಲ್ಲ ಪಾಲಿಸುತ್ತಾರೆ. ಪಾಲಿಸದೇ ಇರುವುದು ಒಂದೇ: ಕನ್ನಡಿ ಮುಂದೆ ನಿಂತು ತುಟಿ ಎಳೆದು ನೋಡುವುದು. ಹೊಲಿಗೆ ಸಡಿಲವಾಗುವುದೇ ಅಲ್ಲಿ. ಹಿಂದೆಲ್ಲ ನಾನೇ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಅನ್ನುತ್ತಿದ್ದೆ. ತುಟಿ ಎಳೆಯದೆ ಫೋಟೋ ಬರುವುದು ಹೇಗೆ, ಅಲ್ವಾ? ಈಗ ಕೇಳುವುದಿಲ್ಲ, ವಾರಕ್ಕೆ ನೇರವಾಗಿ ಬನ್ನಿ ಅನ್ನುತ್ತೇನೆ. ಆಗ ಕಸಿ ಊದಿಕೊಂಡು ಕೆಂಪಗಿರುತ್ತದೆ, ರೋಗಿಯ ಮುಖ ಬಾಡಿರುತ್ತದೆ. ನಾನು ಅಳತೆಪಟ್ಟಿ ತೆಗೆಯುವುದು ಆರು ತಿಂಗಳಿಗೆ. ಕೆಲವರಲ್ಲಿ ವರ್ಷದವರೆಗೂ ವಸಡು ತಾನಾಗಿ ಇನ್ನಷ್ಟು ಬೇರಿನ ಮೇಲೆ ತೆವಳಿ ಬರುವುದುಂಟು.