ತಕ್ಕಡಿಯ ಕೆಳಗಿನ ಅಯಸ್ಕಾಂತ

ಲಿಂಗರಾಜಪುರದ ಕಡೆಯ ಒಂದು ಅಡ್ಡರಸ್ತೆಯಲ್ಲಿ ನನ್ನದು ಗುಜರಿ ಅಂಗಡಿ. ರದ್ದಿ ಕಾಗದ, ಕಬ್ಬಿಣ, ಪ್ಲಾಸ್ಟಿಕ್, ಬಾಟಲಿ, ಬಂದದ್ದನ್ನೆಲ್ಲ ಕೊಳ್ಳುತ್ತೇನೆ. ಭಾನುವಾರ ಬಾಗಿಲು ಎಳೆದು ಚರ್ಚಿನ ಕನ್ನಡ ಆರಾಧನೆಗೆ ಹೋಗುತ್ತೇನೆ. ಈ ಎರಡಕ್ಕೂ ಏನೇನೂ ಸಂಬಂಧವಿಲ್ಲದವನಂತೆ ಬಹಳ ವರ್ಷ ಬದುಕಿದೆ.

ಯೇಸುವಿನ ಸುವಾರ್ತೆ ಸಾರುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಮೆಜೆಸ್ಟಿಕ್‌ನಲ್ಲಿ ನಿಂತು ಕಟ್ಟುಗಟ್ಟಲೆ ಕರಪತ್ರ ಹಂಚಿದ್ದೇನೆ. ಒಮ್ಮೆ ರದ್ದಿಯ ಮೂಟೆಯೊಂದನ್ನು ಬಿಚ್ಚಿದರೆ ಅವೇ ಕರಪತ್ರಗಳು, ಕೆಲವಂತೂ ಮಡಿಕೆಯನ್ನೂ ಬಿಚ್ಚದೆ, ನನ್ನ ಅಂಗಡಿಗೇ ತೂಕಕ್ಕೆ ಬಂದಿದ್ದವು. ಅವನ್ನೂ ಎಂದಿನ ತಕ್ಕಡಿಯಲ್ಲೇ ತೂಗಿದೆ. ಆ ತಕ್ಕಡಿಯ ಗುಟ್ಟೆಂದರೆ, ತೂಕದ ಬೊಟ್ಟು ಇಡುವ ತಟ್ಟೆಯ ಅಡಿಯಲ್ಲಿ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಅಂಟಿಕೊಂಡಿರುತ್ತಿತ್ತು. ಒಂದೊಂದು ತೂಕಕ್ಕೆ ಇನ್ನೂರು ಗ್ರಾಂ ನನ್ನ ಪಾಲು. ಮುದ್ರೆ ಹಾಕುವ ಅಧಿಕಾರಿ ಬಂದ ದಿನ ಅದು ನನ್ನ ಜೇಬಿನಲ್ಲಿರುತ್ತಿತ್ತು.

ಆಗ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ರಾತ್ರಿ ಪ್ರಾರ್ಥನೆ ನಡೆಯುತ್ತಿತ್ತು. ಉಜ್ಜೀವನ, ಅಂದರೆ ಸಭೆಯಲ್ಲಿ ಭಕ್ತಿಯ ಹೊಸ ಜಾಗೃತಿ, ಅದನ್ನು ಕಳುಹಿಸು ಕರ್ತನೇ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆವು, ಅಳುತ್ತಿದ್ದೆವು. ನಮ್ಮವರಿಗೆ ಕಣ್ಣೀರು ಸುಲಭವಾಗಿ ಬರುತ್ತದೆ. ಒಳ್ಳೆಯ ಹಾರ್ಮೋನಿಯಂ ಇದ್ದರೆ ಇನ್ನೂ ಸುಲಭ. ಒಂದು ರಾತ್ರಿ ಹಾಡೂ ಇಲ್ಲ, ಪ್ರಸಂಗವೂ ಇಲ್ಲ, ಶಾಲೆಯಲ್ಲಿ ಆಯಾ ಆಗಿ ನಿವೃತ್ತಳಾದ ಒಬ್ಬ ಅಜ್ಜಿ ಎದ್ದು ನಿಂತಳು. ಅಮ್ಮನ ಮನೆಯ ಪಾಲಿನ ಜಗಳದಲ್ಲಿ ತಂಗಿಯೊಡನೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದೇನೆ, ತಪ್ಪು ನನ್ನದೇ, ಯಾರಾದರೂ ಫೋನ್ ಮಾಡಿಕೊಡಿ ಎಂದಳು. ಗಂಟೆ ಹನ್ನೊಂದಾಗಿತ್ತು. ನನ್ನ ಮಗ ನಂಬರು ಒತ್ತಿಕೊಟ್ಟ. ಅಜ್ಜಿ ಆಡಿದ್ದು ನಾಲ್ಕೇ ಮಾತು. ಆಮೇಲೆ ಕೋಣೆಯಲ್ಲಿ ಯಾರಿಗೂ ಅಳು ಬರಲಿಲ್ಲ. ನನಗಂತೂ ಆ ಅಯಸ್ಕಾಂತವನ್ನು ನುಂಗಿದಂತಾಯಿತು.

ಎರಡು ವಾರ ಪ್ರಾರ್ಥನೆಗೆ ಬಾಯಿ ಬರಲಿಲ್ಲ. ಮೂರನೆಯ ಶುಕ್ರವಾರ ಅಯಸ್ಕಾಂತವನ್ನು ತಂದು ನಡುಮನೆಯಲ್ಲಿ ಇಟ್ಟು ವಿಷಯ ಹೇಳಿದೆ.

ಹೇಳುವುದು ಸುಲಭದ ಭಾಗ. ತೀರಿಸುವುದು ಹೇಗೆ? ದಿನವೂ ಬರುತ್ತಿದ್ದ ಚಿಂದಿ ಆಯುವ ಹೆಂಗಸರು ಹದಿನಾಲ್ಕು ಮಂದಿ. ದಿನಕ್ಕೆ ಎರಡು ತೂಕ, ವರ್ಷಕ್ಕೆ ಮುನ್ನೂರು ದಿನ, ಕಿಲೋಗೆ ಸರಾಸರಿ ಹತ್ತು ರೂಪಾಯಿ, ಆರು ವರ್ಷ. ಒಬ್ಬೊಬ್ಬರಿಗೆ 7,200 ರೂಪಾಯಿ, ಒಟ್ಟು ಒಂದು ಲಕ್ಷ ದಾಟಿತು. ಯೇಸುವನ್ನು ಕಂಡ ಮೇಲೆ ಸುಂಕದವನಾದ ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದದ್ದನ್ನು ನಾನು ನೆನಪಿಸಿಕೊಳ್ಳುತ್ತಿದ್ದಾಗ ನನ್ನ ಹೆಂಡತಿ, "ಜಕ್ಕಾಯನ ಹೆಂಡತಿಯನ್ನು ಯಾರಾದರೂ ಕೇಳಿದ್ದರೇ?" ಎಂದಳು. ಸಭೆಯ ಹಿರಿಯರೊಬ್ಬರು ಸತ್ಯವೇದದ ಅರಣ್ಯಕಾಂಡದ ಐದನೆಯ ಅಧ್ಯಾಯ ತೆರೆದು ತೋರಿಸಿದರು. ಅಲ್ಲಿ ಮೂಲಧನದ ಜೊತೆಗೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂದಿದೆ. ಅದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು. ಸರಕು ಆಟೊ ಕೊಳ್ಳಲು ಕೂಡಿಟ್ಟಿದ್ದ ಹಣ ಅದಕ್ಕೆ ಹೋಯಿತು. ಉಳಿದದ್ದನ್ನು ಹನ್ನೊಂದು ತಿಂಗಳಲ್ಲಿ ತೀರಿಸಿದೆ. ಪಡೆದುಕೊಳ್ಳಲು ಬಂಧುಗಳೂ ಇಲ್ಲದವರ ಪಾಲನ್ನು ಕರ್ತನಿಗೆ ಸಲ್ಲಿಸಬೇಕೆಂದೂ ಅದೇ ಅಧ್ಯಾಯದಲ್ಲಿದೆ. ಗುರುತು ಸಿಗದ ಗಿರಾಕಿಗಳ ಪಾಲನ್ನು ನಾನು ಹಾಗೆಯೇ ಹೆಸರು ಬರೆಯದೆ ಕಾಣಿಕೆಗೆ ಹಾಕಿದೆ.

1904ರಲ್ಲಿ ವೇಲ್ಸ್ ದೇಶದಲ್ಲಿ ಎದ್ದ ಉಜ್ಜೀವನದ ಬಗ್ಗೆ ಒಂದು ಮಾತಿದೆ. ಗಣಿ ಕಾರ್ಮಿಕರು ಬೈಗುಳ ಬಿಟ್ಟ ಮೇಲೆ ಬಂಡಿ ಎಳೆಯುವ ಕುದುರೆಗಳಿಗೆ ಅವರ ಮಾತೇ ಅರ್ಥವಾಗದೆ ನಿಂತುಬಿಟ್ಟವಂತೆ. ನನ್ನ ಅಂಗಡಿಯ ಹುಡುಗರದೂ ಅದೇ ಪಾಡಾಯಿತು. ಸರಿಯಾಗಿ ತೂಗು ಎಂದರೆ, "ಸರಿಯಾಗಿ ಎಂದರೆ ಹೇಗಣ್ಣ, ಮೊದಲಿನ ಹಾಗೆಯೇ?" ಎಂದು ಕೇಳಿದರು.

ನಮ್ಮ ಮಣ್ಣಿನದೇ ಒಂದು ಕಥೆಯೂ ಇದೆ. ತುಂಗಾ, ಭದ್ರಾ ಹುಟ್ಟುವ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ನಡೆಸುತ್ತಿದ್ದರು. 1905ರಲ್ಲಿ ಅಲ್ಲಿ ಉಜ್ಜೀವನ ಆರಂಭವಾದಾಗ ಹುಡುಗಿಯರು ಮೊದಲು ತಮ್ಮ ಪಾಪ ಒಪ್ಪಿಕೊಂಡರು. ಸುತ್ತಲಿನ ಹಳ್ಳಿಗಳಿಗೆ ತಂಡ ಕಟ್ಟಿಕೊಂಡು ಸುವಾರ್ತೆ ಹೇಳಲು ಹೊರಟವರೂ ಅವರೇ. ನಾವು ಆ ಮೊದಲ ಭಾಗವನ್ನು ಹಾರಿಸಿ ನೇರವಾಗಿ ಧ್ವನಿವರ್ಧಕ ಬಾಡಿಗೆಗೆ ತರುತ್ತಿದ್ದೆವು.

ನನ್ನ ಮಟ್ಟಿಗೆ ಸುವಾರ್ತೆಯ ಕೆಲಸ ನಿಜವಾಗಿ ಶುರುವಾದದ್ದು ಹಣ ಎಣಿಸಿ ಕೊಡುವಾಗ. ಹದಿನಾಲ್ಕು ಮಂದಿಯಲ್ಲಿ ಹಿರಿಯಳಾದ ಅಕ್ಕ ನೋಟುಗಳನ್ನು ಎರಡು ಸಲ ಎಣಿಸಿ, "ಏನಣ್ಣ, ಚುನಾವಣೆಗೆ ನಿಲ್ಲುತ್ತೀರಾ?" ಎಂದಳು. ಇಲ್ಲ, ಇಷ್ಟು ವರ್ಷ ನಿಮ್ಮಿಂದ ಕದ್ದಿದ್ದೇನೆ ಎಂದೆ. "ಅದು ನಮಗೆ ಗೊತ್ತಿತ್ತು. ಎಲ್ಲ ಅಂಗಡಿಯವರೂ ಕದಿಯುತ್ತಾರೆ. ಈಗ ಕೊಡುತ್ತಿರುವುದು ಯಾಕೆ, ಅದನ್ನು ಹೇಳಿ." ಯೇಸುವಿನ ಹೆಸರು ಹೇಳಿದೆ. ಆಕೆ ಯೋಚಿಸಿ, "ನಿಮ್ಮ ದೇವರು ಇಷ್ಟು ದಿನ ನಿದ್ದೆ ಮಾಡುತ್ತಿದ್ದನೇ?" ಎಂದು ಕೇಳಿದಳು. ನಿದ್ದೆ ಮಾಡುತ್ತಿದ್ದವನು ನಾನು ಎಂದೆ. ಅದಕ್ಕಿಂತ ಉದ್ದದ ಪ್ರಸಂಗವನ್ನು ಅವತ್ತು ಮಾಡಲಿಲ್ಲ. ಆದರೆ ವಾರ ಕಳೆಯುವಷ್ಟರಲ್ಲಿ ಪಕ್ಕದ ಸೈಕಲ್ ರಿಪೇರಿಯವನು, ಎದುರಿನ ಬೇಕರಿಯವನು, ನಾಯಂಡಹಳ್ಳಿಯಲ್ಲಿ ನನ್ನಿಂದ ಪ್ಲಾಸ್ಟಿಕ್ ಕೊಳ್ಳುವ ಸಗಟು ವ್ಯಾಪಾರಿ, ಒಬ್ಬೊಬ್ಬರಾಗಿ ಈಗ ಕೊಡುತ್ತಿರುವುದು ಯಾಕೆ ಎಂಬ ಅದೇ ಪ್ರಶ್ನೆ ಕೇಳಿದರು. ಮೆಜೆಸ್ಟಿಕ್‌ನಲ್ಲಿ ಒಬ್ಬರೂ ನನ್ನನ್ನು ಪ್ರಶ್ನೆ ಕೇಳಿರಲಿಲ್ಲ.

ಹೀಗೆ ತಪ್ಪೊಪ್ಪಿಕೊಂಡು ತೀರಿಸಹೊರಟವರಿಗೆ ನಾವು ಎಡವಿದ ಜಾಗಗಳನ್ನೂ ಹೇಳಬೇಕು. ಅಜ್ಜಿಯನ್ನು ನೋಡಿ ಉತ್ಸಾಹ ಬಂದು, ಎಲ್ಲರೂ ಎಲ್ಲರ ಮುಂದೆ ಎಲ್ಲವನ್ನೂ ಹೇಳುವ ಪದ್ಧತಿ ಮಾಡಿಕೊಂಡೆವು. ಒಬ್ಬ ಹುಡುಗಿ ಹೇಳಿದ್ದು ಭಾನುವಾರದ ಹೊತ್ತಿಗೆ ಮೂರು ಬೀದಿ ದಾಟಿತ್ತು. ಅವಳು ಮತ್ತೆ ಬರಲಿಲ್ಲ. ನಾನು ಹೋಗಿ ಕ್ಷಮೆ ಕೇಳಿದೆ, ಬಾಗಿಲು ತೆರೆಯಲಿಲ್ಲ. ಆ ಪಾಪ ನಮ್ಮದು, ಅದಕ್ಕೆ ಐದನೆಯ ಒಂದು ಪಾಲು ಸೇರಿಸಿದರೂ ತೀರುವುದಿಲ್ಲ. ಆಮೇಲೆ ಗಂಡಸರು ಬೇರೆ, ಹೆಂಗಸರು ಬೇರೆ, ಐದಾರು ಜನರ ಗುಂಪುಗಳಾದವು. ಅವರವರ ತಪ್ಪನ್ನಷ್ಟೇ ಹೇಳಬೇಕು, ಕೇಳಿದ್ದು ಹೊರಗೆ ಹೋಗಬಾರದು.

ಈ ಸಣ್ಣ ಗುಂಪು ನಮ್ಮ ಆವಿಷ್ಕಾರವೇನಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯವರ ಅನುಯಾಯಿಗಳಾದ ಮೆಥೊಡಿಸ್ಟರು ಕಟ್ಟಡದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೆ ತಲಾ ಒಂದು ಪೆನ್ನಿ ವಸೂಲಿ ಮಾಡತೊಡಗಿದರು. ವಸೂಲಿಗೆ ಮನೆಮನೆಗೆ ಹೋದವರಿಗೆ ಯಾರು ಹೇಗೆ ಬದುಕುತ್ತಿದ್ದಾರೆಂದು ತಿಳಿಯಿತು. ವೆಸ್ಲಿಯವರ ಹೆಸರುವಾಸಿ 'ಕ್ಲಾಸ್' ಕೂಟಗಳು ಹುಟ್ಟಿದ್ದು ಹಾಗೆ. ಹಡ್ಸನ್ ವೃತ್ತದಲ್ಲಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯ ಅದೇ ವೆಸ್ಲಿಯನ್ ಪರಂಪರೆಯದು. ಅದರ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗಲೆಲ್ಲ ನನಗೆ ನೆನಪಾಗುವುದು ಆ ಒಂದು ಪೆನ್ನಿ. ನಮ್ಮ ಗುಂಪಿನಲ್ಲಿ ನನಗೆ ಕೇಳುವ ಪ್ರಶ್ನೆ ಒಂದೇ: "ಈ ವಾರ ತಕ್ಕಡಿ ಹೇಗಿತ್ತು?"

ಕೇಳುವವರಿಲ್ಲದಿದ್ದರೆ ಮುಗಿದೇ ಹೋಗುತ್ತಿತ್ತು. ಎರಡನೆಯ ವರ್ಷ ರದ್ದಿಯ ದರ ಕುಸಿದಾಗ, ಒಣಗಿದ ಮೂಟೆಯೊಂದನ್ನು ಒದ್ದೆಯಾಗಿದೆ ಎಂದು ಸುಳ್ಳು ಹೇಳಿ ಎರಡು ಕಿಲೋ ಕಳೆದೆ. ಅಯಸ್ಕಾಂತವಿಲ್ಲದೆಯೂ ಕೈ ತನ್ನ ಕೆಲಸ ಮರೆತಿರಲಿಲ್ಲ. ಶುಕ್ರವಾರ ಹೇಳಬೇಕಾಯಿತು, ಶನಿವಾರ ಕೊಡಬೇಕಾಯಿತು.

ಇನ್ನೊಂದು ಎಚ್ಚರ. ದುಡ್ಡು ಕೊಟ್ಟ ದಿನವೇ ಯಾರನ್ನೂ ಆರಾಧನೆಗೆ ಕರೆಯಲಿಲ್ಲ. ನಂಬಿಕೆಯನ್ನು ಸಾರುವ ಹಕ್ಕನ್ನು ಸಂವಿಧಾನದ 25ನೆಯ ವಿಧಿ ಕೊಟ್ಟಿದೆ, ಆದರೆ ಸಾಲ ತೀರಿಸುವ ಕೈ ಆಮಿಷ ಒಡ್ಡುವ ಕೈಯಂತೆ ಕಾಣಬಾರದು. 2022ರ ಮತಾಂತರ ನಿಷೇಧ ಕಾಯ್ದೆಯ ಭಯಕ್ಕೆ ಹೇಳುತ್ತಿಲ್ಲ. ಅವರ ಹಣವನ್ನೇ ಅವರಿಗೆ ಕೊಟ್ಟು ಅದರ ಮೇಲೆ ಇನ್ನೇನೋ ಕೇಳಿದರೆ, ಅದೂ ಅಯಸ್ಕಾಂತವೇ.

ಬೇಕರಿಯವನು ಸತ್ಯವೇದ ಓದುತ್ತಿದ್ದಾನೆ, ಹೆಚ್ಚಾಗಿ ವಾದ ಮಾಡಲು. ಅಕ್ಕನ ತಮ್ಮ ಕುಡಿತ ಬಿಟ್ಟು ಒಂದು ವರ್ಷ ನಮ್ಮೊಡನಿದ್ದ, ಮತ್ತೆ ಹಿಡಿದ, ಈಗ ಮತ್ತೆ ಬಿಟ್ಟು ಬರುತ್ತಿದ್ದಾನೆ. ಅಕ್ಕ ಮಾತ್ರ ದೀಕ್ಷಾಸ್ನಾನದ ಮಾತೆತ್ತಿದರೆ, "ನೋಡೋಣ" ಎನ್ನುತ್ತಾಳೆ. ಶುಕ್ರವಾರ ಬಂದು ಬಾಗಿಲ ಬಳಿ ಕುಳಿತು ಕೊನೆಯವರೆಗೂ ಕೇಳುತ್ತಾಳೆ. ನಾನೀಗ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟಿದ್ದೇನೆ. ಬೆಳಿಗ್ಗೆ ಮೂಟೆ ಇಳಿಸುವ ಮೊದಲು ಆಕೆ ಸೆರಗಿನ ಮರೆಯಿಂದ ಒಂದು ಕಿಲೋ ಉಪ್ಪಿನ ಪೊಟ್ಟಣ ತೆಗೆದು ಅದರ ಮೇಲಿಟ್ಟು, ಅಂಕಿ ನೋಡಿ, ಆಮೇಲೆ ಮೂಟೆಗೆ ಕೈ ಹಾಕುತ್ತಾಳೆ.