ಜಮೀನು ನಮ್ದೇ, ಸೈಟ್ ಮಾಡೋ ಹಕ್ಕು ಮಾತ್ರ ಬಿಟ್ಕೊಟ್ವಿ: ವರ್ಜೀನಿಯಾದಲ್ಲಿ ನನ್ನ ಅನುಭವ

ವರ್ಜೀನಿಯಾದ ಬ್ಲೂ ರಿಡ್ಜ್ ಬೆಟ್ಟದ ಕಡೆ ನಮ್ದೊಂದು ಜಮೀನಿದೆ, ಅರ್ಧ ಕಾಡು, ಅರ್ಧ ಹುಲ್ಲುಗಾವಲು, ನಡುವೆ ಒಂದು ತೊರೆ. ಅದರ ಮೇಲೆ ಕನ್ಸರ್ವೇಶನ್ ಈಸ್‌ಮೆಂಟ್, ಅಂದ್ರೆ ಜಮೀನನ್ನ ಸೈಟ್ ಮಾಡ್ದೆ ಹಾಗೇ ಉಳಿಸ್ತೀವಿ ಅನ್ನೋ ಕರಾರು, ಬರ್ಕೊಟ್ವಿ ಅಂತ ಗೊತ್ತಾದಾಗಿಂದ ಇಲ್ಲಿನ ಕನ್ನಡದೋರೆಲ್ಲ ಕೇಳೋದು ಒಂದೇ, "ಜಮೀನು ದಾನ ಮಾಡಿದ್ರಂತೆ, ಟ್ಯಾಕ್ಸ್ ಎಷ್ಟು ಉಳೀತು?"

ಜಮೀನು ಕೊಟ್ಟಿಲ್ಲ ಮಾರಾಯ್ರೆ. ಪತ್ರ ನಮ್ಮ ಹೆಸರಲ್ಲೇ ಇದೆ, ನಾಳೆ ಮಾರ್ಬೋದು, ಮಕ್ಕಳಿಗೆ ಬರೀಬೋದು, ದನ ಮೇಯಿಸ್ಬೋದು. ಬಿಟ್ಟಿದ್ದು ತುಂಡು ಮಾಡಿ ಸೈಟ್ ಹಂಚೋ ಹಕ್ಕು, ಅದೂ ಶಾಶ್ವತವಾಗಿ, ಮುಂದೆ ಯಾರು ಕೊಂಡ್ರೂ ಅವ್ರಿಗೂ ಅದೇ ಷರತ್ತು. ಮೂವತ್ತು ವರ್ಷಕ್ಕೆ ಮಾತ್ರ ಅಂತ ಬರ್ಕೊಟ್ರೆ ಫೆಡರಲ್ ಡಿಡಕ್ಷನ್, ಅಂದ್ರೆ ಕೇಂದ್ರ ಸರ್ಕಾರದ ಇನ್ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ದಾನವನ್ನ ಆದಾಯದಿಂದ ಕಳ್ಯೋ ಅವಕಾಶ, ಸಿಗಲ್ಲ. ಕೊಡೋದೂ ಸರ್ಕಾರಕ್ಕೆ ಇಲ್ಲಾ ಅರ್ಹತೆ ಇರೋ ಲ್ಯಾಂಡ್ ಟ್ರಸ್ಟ್‌ಗೆ (ಜಮೀನು ಕಾಪಾಡೋ ಸಂಸ್ಥೆಗೆ) ಆಗ್ಬೇಕು. ಇಲ್ಲಿ ರಾಜ್ಯವೇ 1966ರಲ್ಲಿ ಕಾನೂನು ಮಾಡಿ ಶುರು ಮಾಡಿದ ವರ್ಜೀನಿಯಾ ಔಟ್‌ಡೋರ್ಸ್ ಫೌಂಡೇಶನ್ ಇದೆ, ಖಾಸಗಿ ಟ್ರಸ್ಟ್‌ಗಳೂ ಇವೆ.

ದಾನದ ಬೆಲೆ ಕಟ್ಟೋದು ಅಪ್ರೈಸರ್. ಈಸ್‌ಮೆಂಟ್ ಇಲ್ದೇ ಇದ್ರೆ ಜಮೀನಿಗೆ ಎಷ್ಟು, ಹಾಕಿದ್ಮೇಲೆ ಎಷ್ಟು, ಆ ವ್ಯತ್ಯಾಸವೇ ದಾನ. ನಾವು ಒಂದು ಮನೆಗೆ ಜಾಗ ಉಳಿಸ್ಕೊಂಡ್ವಿ, ಹಾಗೆ ಉಳಿಸ್ಕೊಂಡಷ್ಟೂ ವ್ಯತ್ಯಾಸ ಕಮ್ಮಿ ಆಗುತ್ತೆ. ಅಪ್ರೈಸಲ್ ದಾನದ ತಾರೀಖಿಗಿಂತ 60 ದಿನಕ್ಕೂ ಮುಂಚೆ ಮಾಡಿಸಿದ್ದಾದ್ರೆ ನಡೆಯಲ್ಲ, ಆಮೇಲೆ ದಾನದ ವಿವರ ತುಂಬಿ ಟ್ಯಾಕ್ಸ್ ಇಲಾಖೆಗೆ ಕೊಡೋ ಫಾರ್ಮ್ 8283ಕ್ಕೆ ಅಪ್ರೈಸರ್ ಸಹಿ, ಟ್ರಸ್ಟ್ ಸಹಿ ಎರಡೂ ಬೇಕು.

ಲೆಕ್ಕ ನೋಡಿ, ನಮ್ಮ ನಿಜವಾದ ಅಂಕಿ ಅಲ್ಲ, ಸುಲಭಕ್ಕೆ ರೌಂಡ್ ಮಾಡಿ ಹೇಳ್ತೀನಿ. ಮುಂಚೆ 6 ಲಕ್ಷ ಡಾಲರ್, ಆಮೇಲೆ 3,60,000 ಅಂದ್ಕೊಳ್ಳಿ, ದಾನ 2,40,000. ವರ್ಜೀನಿಯಾ ರಾಜ್ಯ ಇದರ ಶೇ 40 ಟ್ಯಾಕ್ಸ್ ಕ್ರೆಡಿಟ್ (ಕಟ್ಬೇಕಾದ ರಾಜ್ಯ ಟ್ಯಾಕ್ಸಲ್ಲೇ ನೇರ ಕಡಿತ) ಕೊಡುತ್ತೆ, ಅಂದ್ರೆ 96,000. ಎಲ್ರೂ ಇಲ್ಲಿಗೇ ಕಣ್ಣರಳಿಸ್ತಾರೆ. ಆದ್ರೆ ವರ್ಷಕ್ಕೆ 20,000ಕ್ಕಿಂತ ಹೆಚ್ಚು ಬಳಸೋ ಹಾಗಿಲ್ಲ, ಹೋಗ್ಲಿ, ಇಲ್ಲಿನ ರಾಜ್ಯ ಟ್ಯಾಕ್ಸ್ ಹೆಚ್ಚಂದ್ರೆ ಶೇ 5.75, ಸಂಬಳದೋರು ಅಷ್ಟು ಕಟ್ಟೋದೇ ಇಲ್ಲ. ಅದಕ್ಕೇ ಜನ ಕ್ರೆಡಿಟ್ ಬೇರೆಯವರಿಗೆ ಮಾರ್ತಾರೆ, ಕಾನೂನುಬದ್ಧವಾಗೇ. ಡಾಲರ್‌ಗೆ ಪೂರ್ತಿ ಡಾಲರ್ ಬರಲ್ಲ, ಬಂದಿದ್ದಕ್ಕೂ ಫೆಡರಲ್ ಕ್ಯಾಪಿಟಲ್ ಗೇನ್ ಟ್ಯಾಕ್ಸ್ ಬೀಳುತ್ತೆ.

ಇನ್ನೊಂದು ಕಡೆ ಏನಾಗುತ್ತೆ ಅಂದ್ರೆ 2018ರ ಆಗಸ್ಟ್ ಆದ್ಮೇಲೆ ಕೊಟ್ಟ ದಾನಕ್ಕೆ ರಾಜ್ಯದಿಂದ ಶೇ 15ಕ್ಕಿಂತ ಹೆಚ್ಚು ಕ್ರೆಡಿಟ್ ತಗೊಂಡ್ರೆ ಆ ಮೊತ್ತ ಫೆಡರಲ್ ಡಿಡಕ್ಷನ್‌ನಿಂದ ಕಳೀಬೇಕು. ಹಂಗಾಗಿ 2,40,000 ಹೋಗಿ 1,44,000 ಆಯ್ತು. ಆದಾಯದ ಅರ್ಧದವರೆಗೆ ಪ್ರತಿ ವರ್ಷ ಕಳ್ಕೋಬೋದು, ಮಿಕ್ಕಿದ್ದು ಮುಂದಿನ 15 ವರ್ಷಕ್ಕೆ ಎಳ್ಕೊಂಡು ಹೋಗ್ಬೋದು. ವರ್ಷಕ್ಕೆ 1,80,000 ಆದಾಯ ಇದ್ರೆ ಮೊದಲ ವರ್ಷ 90,000, ಎರಡನೇ ವರ್ಷ 54,000, ಮುಗೀತು. ಆದಾಯದ ಅರ್ಧಕ್ಕಿಂತ ಹೆಚ್ಚು ಬೇಸಾಯದಿಂದ್ಲೇ ಬರೋರಿಗೆ ಪೂರ್ತಿ ಆದಾಯದಷ್ಟೂ ಕಳ್ಯೋ ಅವಕಾಶ ಇದೆ, ನ್ಯಾಯವಾಗೇ ಇದೆ ಅನ್ಸುತ್ತೆ ನಂಗೆ. ಡಿಡಕ್ಷನ್ ಅಂದ್ರೆ ಅಷ್ಟು ದುಡ್ಡು ಕೈಗೆ ಬಂತು ಅಂತಲ್ಲ, ಅಷ್ಟರ ಮೇಲಿನ ಟ್ಯಾಕ್ಸ್ ಉಳೀತು ಅಷ್ಟೇ. ಎಲ್ಲಾ ಕೂಡಿಸಿದ್ರೂ ಬಿಟ್ಕೊಟ್ಟ 2,40,000 ವಾಪಸ್ ಬರಲ್ಲ, ಮೇಲೆ ವಕೀಲರ ಫೀಸು, ಅಪ್ರೈಸರ್ ಫೀಸು, ಮುಂದಿನ ಉಸ್ತುವಾರಿಗೆ ಅಂತ ಟ್ರಸ್ಟ್ ಕೇಳೋ ದೇಣಿಗೆ ಬೇರೆ.

ಸಾಲ ಇದ್ರೆ ಮೊದಲು ಬ್ಯಾಂಕ್ ಹತ್ರ ಹೋಗಿ. ಸಾಲಕ್ಕಿಂತ ಈಸ್‌ಮೆಂಟೇ ಮುಂದು ಅಂತ ಬ್ಯಾಂಕ್ ಬರ್ಕೊಡ್ಬೇಕು, ಈಸ್‌ಮೆಂಟ್ ರಿಜಿಸ್ಟರ್ ಆಗೋ ಹೊತ್ತಿಗೆ ಅದೂ ಆಗಿರ್ಬೇಕು, ಆ ಪತ್ರ ಆಮೇಲೆ ತಂದ್ಕೊಟ್ಟೋರಿಗೆ ಕೋರ್ಟಲ್ಲಿ ಡಿಡಕ್ಷನ್ ಪೂರ್ತಿ ಹೋಗಿದೆ.

ನಂಗೆ ಹಿಡಿಸಿದ ಕೆಲಸ ಬೇಸ್‌ಲೈನ್ ರಿಪೋರ್ಟ್, ಅಂದ್ರೆ ಈಸ್‌ಮೆಂಟ್ ಹಾಕೋವಾಗ ಜಮೀನು ಹೇಗಿತ್ತು ಅನ್ನೋ ದಾಖಲೆ. ಟ್ರಸ್ಟ್‌ನ ಹುಡುಗಿ ಜಿಪಿಎಸ್ ಹಿಡ್ಕೊಂಡು ಬಂದು ತೊರೆ ಪಕ್ಕದ ಸಿಕಮೋರ್ ಮರ, ಮುರಿದ ಬೇಲಿ, ಪೊದೆಯೊಳಗೆ ಹಳೇ ಮಾಲೀಕರು ಬಿಟ್ಟುಹೋದ ತುಕ್ಕು ಹಿಡಿದ ನೇಗಿಲು ಎಲ್ಲದರ ಫೋಟೋ ತೆಗೆದು, ಒಂದೊಂದಕ್ಕೂ ನಂಬರ್ ಹಾಕಿ, ಯಾವ ದಿಕ್ಕಿಗೆ ನಿಂತು ತೆಗೆದಿದ್ದು ಅಂತಾನೂ ಬರ್ಕೊಂಡ್ಳು. ಆಮೇಲೆ ಟ್ರಸ್ಟ್‌ನೋರು ಬಂದಾಗೆಲ್ಲ ಆ ಫೋಟೋ ಕೈಯಲ್ಲಿ ಹಿಡ್ಕೊಂಡೇ ಓಡಾಡ್ತಾರೆ.

ಒಂದು ಎಚ್ಚರಿಕೆ. ಈಸ್‌ಮೆಂಟ್ ದಾನ ಮಾಡೋ ಪಾರ್ಟ್ನರ್‌ಶಿಪ್‌ನಲ್ಲಿ ಒಂದು ಡಾಲರ್ ಹಾಕಿ ನಾಲ್ಕು ಡಾಲರ್ ಡಿಡಕ್ಷನ್ ತಗೊಳ್ಳಿ ಅಂತ ಫೋನ್ ಬಂದ್ರೆ ಇಟ್ಬಿಡಿ. ಬೆಲೆ ಉಬ್ಬಿಸೋ ಈ ಆಟದ ಮೇಲೆ ಇಲ್ಲಿನ ಟ್ಯಾಕ್ಸ್ ಇಲಾಖೆ ಐಆರ್‌ಎಸ್ 2016ರಿಂದ್ಲೂ ಕಣ್ಣಿಟ್ಟಿದೆ, 2022ರ ಕೊನೇಲಿ ಬಂದ ಕಾನೂನು ಪ್ರಕಾರ ಇಂಥ ಪಾರ್ಟ್ನರ್‌ಶಿಪ್‌ಗಳಲ್ಲಿ, ಮನೆಯೋರದ್ದೇ ಪಾರ್ಟ್ನರ್‌ಶಿಪ್ ಅಂಥ ಕೆಲವು ವಿನಾಯಿತಿ ಬಿಟ್ರೆ, ಹೂಡಿದ್ದರ ಎರಡೂವರೆ ಪಟ್ಟು ಮೀರಿದ್ರೆ ಡಿಡಕ್ಷನ್ನೇ ಇಲ್ಲ.

ಇದನ್ನೆಲ್ಲ ಕೇಳಿಸ್ಕೊಂಡು ಊರಿಂದ ನಮ್ಮ ಭಾವ, "ನಮ್ಮ ತೋಟದ ಮೇಲಿನ ಕಾಡಿಗೂ ಹಿಂಗೆ ಮಾಡ್ಬೋದೇನೋ?" ಅಂದ್ರು. ಭಾರತದ ಇನ್ಕಮ್ ಟ್ಯಾಕ್ಸಲ್ಲಿ ದಾನಕ್ಕಿರೋ 80ಜಿ ರಿಯಾಯ್ತಿ ದುಡ್ಡಿನ ರೂಪದ ದಾನಕ್ಕೆ ಮಾತ್ರ ಭಾವ, ಜಮೀನು ಕೊಟ್ರೆ ಲೆಕ್ಕಕ್ಕಿಲ್ಲ ಅಂದೆ. ಅದೂ ಅಲ್ದೆ ಕೃಷಿ ಆದಾಯಕ್ಕೆ ಇನ್ಕಮ್ ಟ್ಯಾಕ್ಸೇ ಇಲ್ಲ, ತೋಟದ ದುಡ್ಡಲ್ಲೇ ಬದುಕೋರಿಗೆ ಡಿಡಕ್ಷನ್ ಕೊಟ್ರೂ ಯಾವುದರಿಂದ ಕಳ್ಯೋದು? ನಮ್ಮಲ್ಲಿ ನಡೆದಿರೋದು ಕೊಕ್ಕರೆಬೆಳ್ಳೂರಿನ ದಾರಿ, ಹಿತ್ತಲ ಹುಣಸೆ ಮರದಲ್ಲಿ ಹಕ್ಕಿ ಗೂಡು ಕಟ್ಟಿದ್ರೆ ಹೋದ ಫಸಲಿಗೆ ಅಂತ ಅರಣ್ಯ ಇಲಾಖೆ ಮರದ ಮಾಲೀಕರಿಗೆ ನೇರವಾಗಿ ಪರಿಹಾರ ಕೊಡ್ತಾ ಬಂದಿದೆ. ಭಾವ ಈಗ ಅದರ ಬಗ್ಗೆ ವಿಚಾರಿಸೋಕೆ ಹೊರಟಿದ್ದಾರೆ.